ಹೊಸ ಕೋರಲ್‌ಗೆ ಬೇರೆ ಟ್ಯಾಂಕ್: ಕೆಲಸ ಕಡಿಮೆ ಇರಬೇಕಾದರೆ

ನಮಸ್ಕಾರ. ಹ್ಯೂಸ್ಟನ್‌ನಲ್ಲಿ ಇದ್ದೀರಿ, ವಾರಕ್ಕೊಂದೇ ದಿನ ಬಿಡುವು, ಹೊಸ ಕೋರಲ್‌ಗಳಿಗೆ (ಜೀವಂತ ಹವಳಗಳಿಗೆ) ಕ್ವಾರಂಟೈನ್ ಟ್ಯಾಂಕ್, ಅಂದರೆ ದೊಡ್ಡ ಟ್ಯಾಂಕಿಗೆ ಬಿಡುವ ಮೊದಲು ಬೇರೆಯಾಗಿ ಇಟ್ಟು ನೋಡುವ ಟ್ಯಾಂಕ್, ಹೇಗೆ ಇಡೋದು ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ.

10 ಗ್ಯಾಲನ್, ಅಂದರೆ ಸುಮಾರು 38 ಲೀಟರಿನ ಟ್ಯಾಂಕ್ ಸಾಕು. ಮರಳು ಬೇಡ. ತಳ ಬರೀ ಗಾಜಾಗಿದ್ದರೆ ಉದುರಿದ ಹುಳ ತಕ್ಷಣ ಕಣ್ಣಿಗೆ ಬೀಳುತ್ತದೆ. ಹೀಟರ್, ಸಣ್ಣ ಪಂಪ್, ಟೈಮರ್ ಹಾಕಿದ ಲೈಟ್, ಹಿಂದೆ ನೇತುಹಾಕುವ ಫಿಲ್ಟರ್, ಇಷ್ಟೇ. ಫಿಲ್ಟರಿನ ಸ್ಪಾಂಜನ್ನು ಒಂದು ತಿಂಗಳು ಮೊದಲೇ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ಅದಕ್ಕೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ಇಟ್ಟುಬಿಡಿ, ಬೇಕಾದ ಬ್ಯಾಕ್ಟೀರಿಯಾ ಅದರಲ್ಲೇ ಬೆಳೆಯುತ್ತದೆ.

ಚಿಕ್ಕ ಟ್ಯಾಂಕಿನಲ್ಲಿ ನೀರು ಬೇಗ ಆರಿ ಉಪ್ಪು ಏರುತ್ತದೆ. ಆರಿದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್-ಆಫ್ ಸಾಧನಕ್ಕೆ ದುಡ್ಡು ಹಾಕಿ, ಅದರ ಡಬ್ಬಕ್ಕೆ ಉಪ್ಪಿಲ್ಲದ ಆರ್‌ಓ ನೀರು ತುಂಬಿ. ಉಪ್ಪು 1.025 (ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ), ಬಿಸಿ 25-26 ಡಿಗ್ರಿ ಸೆಲ್ಸಿಯಸ್ ಇರಲಿ. ವಾರಕ್ಕೊಮ್ಮೆ 4-5 ಲೀಟರ್ ತೆಗೆದು ದೊಡ್ಡ ಟ್ಯಾಂಕಿನ ನೀರನ್ನೇ ಹಾಕಿ. ಇಲ್ಲಿಂದ ಅಲ್ಲಿಗೆ ಮಾತ್ರ ಒಂದು ಹನಿಯೂ ಹೋಗಬಾರದು, ಬಕೆಟ್ಟೂ ಬೇರೆ ಇರಲಿ.

ಡಿಪ್ ಮಾಡಿದರೆ, ಅಂದರೆ ಹುಳ ಸಾಯುವ ದ್ರಾವಣದಲ್ಲಿ ಕೋರಲನ್ನು ಸ್ವಲ್ಪ ಹೊತ್ತು ಅದ್ದಿದರೆ, ಸಾಕು ಅಂತ ನಂಬಬೇಡಿ. ಡಿಪ್‌ಗೆ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ನನ್ನ ಜೊಯಾಂಥಿಡ್ (ಗೊಂಚಲಾಗಿ ಬೆಳೆಯುವ ಒಂದು ಬಗೆಯ ಕೋರಲ್) ಒಂದರ ಪ್ಲಗ್, ಅಂದರೆ ಅದನ್ನು ಅಂಟಿಸಿದ ಸಣ್ಣ ಬಿಲ್ಲೆ, ತಿರುಗಿಸಿ ನೋಡಿದಾಗ ಸಂದಿಯಲ್ಲಿ ಬಿಳಿ ಮೊಟ್ಟೆಗಳು ಸುರುಳಿಯಾಗಿ ಅಂಟಿದ್ದವು. ನೋಡುವುದು ತಡವಾಗಿತ್ತು, ಇಡೀ ಗೊಂಚಲು ಹೋಯಿತು. ಈಗಲೂ ಬೇಜಾರಾಗುತ್ತದೆ. ಹಾಗಾಗಿ ಬಂದ ದಿನವೇ ಹಳೇ ಪ್ಲಗ್ ಕಿತ್ತು ಹೊಸದಕ್ಕೆ ಅಂಟಿಸಿ, ವಾರಕ್ಕೊಮ್ಮೆಯಂತೆ ನಾಲ್ಕು ಸಲ ಡಿಪ್ ಮಾಡಿ. ರಾತ್ರಿ ಲೈಟ್ ಆರಿದ ಮೇಲೆ ಕೆಂಪು ಟಾರ್ಚ್ ಹಿಡಿದು ನೋಡಿ.

ಮೀನಿನ ಇಕ್ (ಬಿಳಿ ಚುಕ್ಕೆ) ರೋಗವೂ ಬರಬಾರದು ಅಂದರೆ, ಮೀನಿಲ್ಲದ ಈ ಟ್ಯಾಂಕಿನಲ್ಲಿ 76 ದಿನ ಇಡುವುದು ರೂಢಿ. ತಾಮ್ರದ ಔಷಧಿ ಹಾಕಿದ್ದ ಹಳೇ ಟ್ಯಾಂಕ್ ಮಾತ್ರ ಬಳಸಲೇಬೇಡಿ, ಕೋರಲ್‌ಗೆ ಅದು ವಿಷ.