ಗಣಿ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಿದರೆ ಹೊಸದಾಗಿ ಏನು ಕಲಿಯುತ್ತೇವೆ?

ಪದವಿಯಲ್ಲಿ ಗಣಿಯ ಎಲ್ಲ ಕೆಲಸಗಳ ಪರಿಚಯ ಆಗಿರುತ್ತದೆ. ಸ್ನಾತಕೋತ್ತರದಲ್ಲಿ ಒಂದೆರಡು ವಿಷಯಗಳನ್ನು ಆಳವಾಗಿ ಓದುತ್ತೀರಿ. ನನ್ನ ಪ್ರಕಾರ ಅವುಗಳಲ್ಲಿ ರಾಕ್ ಮೆಕ್ಯಾನಿಕ್ಸ್, ಅಂದರೆ ಒತ್ತಡ ಬಿದ್ದಾಗ ಬಂಡೆ ಹೇಗೆ ವರ್ತಿಸುತ್ತದೆ ಎಂಬ ಅಧ್ಯಯನ, ಎಲ್ಲಕ್ಕಿಂತ ಮುಖ್ಯ. ಸುರಂಗದ ಮೇಲ್ಭಾಗ ಕುಸಿಯುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಕಲ್ಲಿನ ಗಟ್ಟಿತನಕ್ಕಿಂತ ಅದರೊಳಗಿನ ಬಿರುಕುಗಳ ಮೇಲೆ ಜಾಸ್ತಿ ಅವಲಂಬಿಸಿರುತ್ತದೆ. 1973ರಲ್ಲಿ ಎಂಜಿನಿಯರ್ ಬಿನಿಯಾವ್‌ಸ್ಕಿ ರೂಪಿಸಿದ ಆರ್‌ಎಂಆರ್ (ರಾಕ್ ಮಾಸ್ ರೇಟಿಂಗ್, ಬಂಡೆಯ ಗುಣಮಟ್ಟ ಅಳೆಯುವ) ಪದ್ಧತಿಯಲ್ಲಿ ಕಲ್ಲಿನ ಬಲ, ಬಿರುಕುಗಳ ಅಂತರ, ಅವುಗಳ ಸ್ಥಿತಿ, ನೀರಿನ ಒಸರು ಎಲ್ಲವನ್ನೂ ನೋಡಿ 100ಕ್ಕೆ ಅಂಕ ಕೊಡುತ್ತಾರೆ. ಇದನ್ನು ಸುಮ್ನೆ ಬಾಯಿಪಾಠ ಮಾಡಿದರೆ ಸಾಲದು, ಗಣಿಯಲ್ಲೇ ಅಂಕ ಹಾಕಿ ಕಲಿಯಬೇಕು. ಕೆಳಗೆ ದುಡಿಯುವವರ ಜೀವದ ಪ್ರಶ್ನೆ ಅಲ್ವಾ? ಇದರ ಜೊತೆಗೆ ಗಾಳಿಯ ವ್ಯವಸ್ಥೆ, ಸ್ಫೋಟದ ವಿನ್ಯಾಸ, ಅದಿರಿನ ಅಂದಾಜಿಗೆ ಕ್ರಿಗಿಂಗ್ (ಕೆಲವೇ ಜಾಗಗಳ ಮಾದರಿಗಳಿಂದ ನಡುವಿನ ಜಾಗದ ಅದಿರನ್ನು ಅಂದಾಜಿಸುವ ಸಂಖ್ಯಾಶಾಸ್ತ್ರದ ವಿಧಾನ) ಇರುತ್ತವೆ. ಸಂಖ್ಯಾಶಾಸ್ತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ಪ್ರಬಂಧದ ವಿಷಯ ಒಪ್ಪುವ ಮೊದಲು ಗಣಿಯ ನಿಜವಾದ ಅಳತೆಗಳು ಸಿಗುತ್ತವೆಯೇ ಎಂದು ಮಾರ್ಗದರ್ಶಕರನ್ನು ಕೇಳಿ.