ಐಸ್‌ಬ್ರೇಕರ್ ಆಡಿಸಿದೆ, ಎಲ್ಲರೂ ಇನ್ನೂ ಗಪ್ ಆದರು

ಪ್ರಶ್ನೆ: ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಒಟ್ಟು 14 ಜನ. ಅರ್ಧ ಜನ ಹಳಬರು, ಉಳಿದವರು ವಿಜಯಪುರ, ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದ ಐಟಿಐ ಹುಡುಗರು. ಊಟಕ್ಕೂ ಬೇರೆ ಬೇರೆ ಕೂರುತ್ತಾರೆ. ಸಂಕೋಚ ಬಿಡಿಸೋ ಐಸ್‌ಬ್ರೇಕರ್ ಆಟ ಅಂತ ‘ಎರಡು ನಿಜ, ಒಂದು ಸುಳ್ಳು’ (ತನ್ನ ಬಗ್ಗೆ ಮೂರು ಮಾತು ಹೇಳಬೇಕು, ಸುಳ್ಳು ಯಾವುದು ಅಂತ ಉಳಿದವರು ಊಹಿಸಬೇಕು) ಆಡಿಸಿದರೆ ಹಿರಿಯರೊಬ್ಬರು “ನಾನ್ಯಾಕ್ರೀ ಸುಳ್ಳು ಹೇಳಲಿ?” ಅಂತ ಎದ್ದು ಹೋದರು. ಈಗೇನು ಮಾಡಲಿ?

ಉತ್ತರ: ಅವರ ಮೇಲೆ ಬೇಸರ ಬೇಡ. ಪರಿಚಯವೇ ಸರಿಯಾಗಿ ಆಗದ ಹುಡುಗರ ಮುಂದೆ ನಿಂತು ತನ್ನ ಬಗ್ಗೆ ಸುಳ್ಳು ಹೇಳು ಅಂದರೆ ಯಾರಿಗಾದರೂ ಕಸಿವಿಸಿ ಆಗುತ್ತೆ, ಅಲ್ವಾ?

ಎಲ್ಲರನ್ನೂ ಒಟ್ಟಿಗೆ ಮಾತಾಡಿಸೋದು ಬಿಡಿ. ಒಬ್ಬ ಹಳಬರು, ಒಬ್ಬ ಹೊಸಬ, ಹೀಗೆ ಜೋಡಿ ಮಾಡಿ. 1997ರಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಜೊತೆಗಾರರು ಅಪರಿಚಿತರನ್ನು ಇಬ್ಬಿಬ್ಬರಾಗಿ ಕೂರಿಸಿ 36 ಪ್ರಶ್ನೆ ಕೊಟ್ಟಿದ್ದರು. ಹಗುರವಾದವು ಮೊದಲು, ಮನಸ್ಸಿನ ಒಳಗಿನವು ಆಮೇಲೆ. 45 ನಿಮಿಷ ಆದಮೇಲೆ ನೋಡಿದರೆ, ಸುಮ್ನೆ ಹರಟಿದ ಜೋಡಿಗಳಿಗಿಂತ ಇವರು ಜಾಸ್ತಿ ಹತ್ತಿರವಾಗಿದ್ದರು. ನಿಮಗೆ 36 ಬೇಕಿಲ್ಲ. ಸೋಮವಾರಕ್ಕೊಂದು ಸಾಕು.

ಮೊದಲ ವಾರ “ನಿಮ್ಮೂರ ಸಂತೆ ಯಾವತ್ತು, ಅಲ್ಲಿಂದ ಏನು ತರಲೇಬೇಕು?” ಅಂತ ಕೇಳಿ. ಒಬ್ಬೊಬ್ಬರಿಗೆ ಮೂರು ನಿಮಿಷ, ಕನ್ನಡವೋ ಮರಾಠಿಯೋ ಹಿಂದಿಯೋ, ಬಾಯಿಗೆ ಬಂದ ಭಾಷೆಯಲ್ಲಿ. ಆಮೇಲೆ ತನ್ನ ಮಾತಲ್ಲ, ಜೊತೆಗಾರ ಹೇಳಿದ್ದನ್ನು ಎಲ್ಲರಿಗೂ ಹೇಳಬೇಕು. ಆಗ ಕಿವಿಗೊಟ್ಟು ಕೇಳಲೇಬೇಕಾಗುತ್ತೆ.

ಮೂರು ನಾಲ್ಕು ವಾರ ಕಳೆದ ಮೇಲೆ “ಮೊದಲ ಸಲ ಜಾಬ್ (ಮಷಿನ್ ಮೇಲೆ ಮಾಡೋ ಪಾರ್ಟ್) ಕೆಡಿಸಿದ್ದು ಯಾವಾಗ?” ಅಂತ ಕೇಳಿ, ಆದರೆ ನಿಮ್ಮ ಕಥೆ ಮೊದಲು ಹೇಳಿ, ಮುಚ್ಚಿಡದೆ. ನನಗೆ ಈ ಪ್ರಶ್ನೆ ತುಂಬಾ ಇಷ್ಟ. ಇಷ್ಟು ನುರಿತವರೂ ಒಂದು ಕಾಲಕ್ಕೆ ಅಳತೆ ತಪ್ಪಿದ್ದರು ಅಂತ ಗೊತ್ತಾದ ಹುಡುಗ, ನಾಳೆ ತಾನು ಕೆಡಿಸಿದ್ದನ್ನು ಮೂಲೆಗೆ ಬಚ್ಚಿಡದೆ ನಿಮ್ಮ ಹತ್ತಿರ ತಂದು ತೋರಿಸೋ ಧೈರ್ಯ ಮಾಡಬಹುದು.

ಮದುವೆ, ಮಕ್ಕಳು, ಜಾತಿ, ಪಗಾರ ಕೇಳಬೇಡಿ. ಉತ್ತರ ಬೇಡ ಅಂದವರನ್ನು ಒತ್ತಾಯಿಸಬೇಡಿ. ಶಿಫ್ಟ್ ಶುರುವಿನಲ್ಲೇ ಮಾಡಿ, ಕೊನೆಗೆ ಎಲ್ಲರಿಗೂ ಬಸ್ಸಿನ ಗಡಿಬಿಡಿ.

ಇದಕ್ಕೂ ಮುಂಚೆ ಎದ್ದು ಹೋದ ಹಿರಿಯರ ಹತ್ತಿರ ನೀವೊಬ್ಬರೇ ಹೋಗಿ. ತಪ್ಪಾಯ್ತು ಅನ್ನಿ. “ಕಾಕಾ, ಸೋಮವಾರ ಏನು ಕೇಳೋಣ, ನೀವೇ ಹೇಳ್ರಿ” ಅನ್ನಿ.