ನಯೋಮಿ ಜಡ್ ಹಾಡು ನಿಲ್ಲಿಸಿದ ಮೇಲೆ

ಕಾಯಿಲೆ ಬಂದ ಮೇಲೆ ನಯೋಮಿ ಜಡ್ ಏನು ಮಾಡಿದರು, ಈಗಲೂ ಅದಕ್ಕೆ ಇಂಜೆಕ್ಷನ್ನೇ ಗತಿಯಾ ಅಂತ ಕೇಳಿದ್ದೀರಿ.

ಅಮೆರಿಕದ ಈ ಕಂಟ್ರಿ (ಅಲ್ಲಿನ ಹಳ್ಳಿ ಸೊಗಡಿನ ಸಂಗೀತ) ಗಾಯಕಿ ಮಗಳು ವೈನೋನಾ ಜೊತೆ ಹಾಡುತ್ತಿದ್ದರು. 1990ರಲ್ಲಿ ಹೆಪಟೈಟಿಸ್ ಸಿ, ಅಂದರೆ ರಕ್ತದ ಮೂಲಕ ಹರಡಿ ಲಿವರಿಗೆ ತೊಂದರೆ ಕೊಡುವ ವೈರಸ್ ಸೋಂಕು ಇರುವುದು ಗೊತ್ತಾಯಿತು. 1991ರಲ್ಲಿ ವಿದಾಯದ ಪ್ರವಾಸ ಮಾಡಿ ಹಾಡು ನಿಲ್ಲಿಸಿದರು. ಗಾಯಕಿಯಾಗುವ ಮುಂಚೆ ಅವರು ನರ್ಸ್. ಆಗ ಸೂಜಿ ಚುಚ್ಚಿಯೇ ಸೋಂಕು ತಗುಲಿತು ಅಂತ ಅವರು ನಂಬಿದ್ದರು. ನಮ್ಮ ಚಿಕ್ಕಮ್ಮನೂ ನರ್ಸ್. ಒಮ್ಮೆ ಬೆರಳಿಗೆ ಸೂಜಿ ಚುಚ್ಚಿತ್ತು. ತಟ್ಟೆ ಲೋಟದಿಂದ ಹರಡಲ್ಲ ಅಂತ ಗೊತ್ತಿದ್ದರೂ ರಿಪೋರ್ಟ್ ಬರುವವರೆಗೆ ಅವನ್ನು ಬೇರೆ ಇಟ್ಟುಕೊಂಡಿದ್ದರು. ಆ ಭಯ ನಾನು ಕಣ್ಣಾರೆ ನೋಡಿದ್ದೇನೆ.

ನಯೋಮಿ ಆಗಿನ ಔಷಧಿಯಾದ ಇಂಟರ್‌ಫೆರಾನ್ ಇಂಜೆಕ್ಷನ್ ತಗೊಂಡು ಗುಣವಾದರು. ಅಮೆರಿಕನ್ ಲಿವರ್ ಫೌಂಡೇಶನ್ ಪರವಾಗಿ ಜನರಿಗೆ ತಿಳಿಹೇಳಿದರು. ಆಮೇಲೆ ಖಿನ್ನತೆ ಕಾಡಿತು. ಅದನ್ನೂ ಮುಚ್ಚಿಡಲಿಲ್ಲ, 2016ರಲ್ಲಿ ಪುಸ್ತಕವನ್ನೇ ಬರೆದರು. ಅದಕ್ಕೆ ಎಷ್ಟು ಧೈರ್ಯ ಬೇಕು ಅಲ್ವಾ? 2022ರ ಏಪ್ರಿಲ್ 30ರಂದು ತೀರಿಕೊಂಡರು. ಮಾನಸಿಕ ಕಾಯಿಲೆಯಿಂದ ಅಮ್ಮನನ್ನು ಕಳೆದುಕೊಂಡೆವು ಅಂತ ಮಕ್ಕಳೇ ಹೇಳಿದರು. ಮಾರನೇ ದಿನ ತಾಯಿ-ಮಗಳ ಜೋಡಿಗೆ ಸಿಕ್ಕ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಗೌರವದ ಸಮಾರಂಭಕ್ಕೆ ಹೆಣ್ಣುಮಕ್ಕಳಿಬ್ಬರೂ ಅಳುತ್ತಲೇ ಹೋದರು.

ಹೆಪಟೈಟಿಸ್ ಸಿಗೆ ಈಗ ಮಾತ್ರೆಗಳಿವೆ. ಹೆಚ್ಚಿನವರಿಗೆ 8ರಿಂದ 12 ವಾರ ಸಾಕು. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಲಿವರ್ ಡಾಕ್ಟರಿಗೆ ತೋರಿಸಿ.